ಇಂಜಿನ್ ಬಿಸಿಯೇ ಆಗುತ್ತಿಲ್ಲ: ಥರ್ಮೋಸ್ಟಾಟ್ ಕಿತ್ತು ಹಾಕಿ ಓಡಿಸಬಹುದಾ?

ಮಡಿಕೇರಿ_ಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮಳೆಗಾಲ ಮುಗಿದ ಮೇಲೆ ಟೆಂಪರೇಚರ್ ಮುಳ್ಳು ಅರ್ಧಕ್ಕೆ ಏರುತ್ತಲೇ ಇಲ್ಲ. ಸಂಪಾಜೆ ಘಾಟಿ ಇಳಿಯುವಾಗ ಇನ್ನೂ ಕೆಳಗೆ ಬೀಳುತ್ತದೆ. ಬೆಳಿಗ್ಗೆ ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ ಅಷ್ಟೇ. ಮೈಲೇಜೂ ಇಳಿದಿದೆ. ಸ್ಕ್ಯಾನರ್ ಹಾಕಿದರೆ ಪಿ0128 ಕೋಡ್ ಬಂತು, ಅಂದರೆ ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅಂತ. ಮೆಕ್ಯಾನಿಕ್ ಒಬ್ಬರು "ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ, ಕಿತ್ತು ಬಿಡೋಣ" ಅಂದರು. ಹಾಗೆ ಮಾಡಬಹುದಾ? ಇಲ್ಲ ಹೊಸದನ್ನು ಮನೆಯಲ್ಲೇ ಹಾಕಿಕೊಳ್ಳಲಾ?

ಸ್ಪ್ಯಾನರ್_ಪೆಟ್ಟಿಗೆ:
ದಯವಿಟ್ಟು ಕೀಳಿಸಬೇಡಿ ಸರ್. ಇಂಜಿನ್ ಬಿಸಿಯಾಗುವ ತನಕ ಕೂಲಂಟನ್ನು (ಇಂಜಿನ್ ತಣಿಸುವ ದ್ರವ) ರೇಡಿಯೇಟರ್‌ಗೆ ಬಿಡದೆ ತಡೆಯುವ ಕವಾಟವೇ ಥರ್ಮೋಸ್ಟಾಟ್. ಈ ಸಲಹೆ ಊರೂರಲ್ಲೂ ಸಿಗುತ್ತದೆ, ಇಂಜಿನ್ ಹಾಳಾಗುವುದೂ ಇದರಿಂದಲೇ. ಇಂಜಿನ್ ತಣ್ಣಗಿದ್ದಷ್ಟು ಹೊತ್ತೂ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಆಯಿಲಿಗೆ ಸೇರಿದ ನೀರಿನಂಶ ಆರುವುದಿಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಥರ್ಮೋಸ್ಟಾಟಿನ ಬುಡಕ್ಕೆ ಎರಡನೇ ತಟ್ಟೆ ಇರುತ್ತದೆ. ಇಂಜಿನ್ ಬಿಸಿಯಾದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಪೂರ್ತಿ ಕಿತ್ತರೆ ಆ ದಾರಿ ಸದಾ ತೆರೆದಿರುತ್ತದೆ. ಒಂದಿಷ್ಟು ಕೂಲಂಟ್ ರೇಡಿಯೇಟರ್‌ಗೆ ಹೋಗದೆ ಇಂಜಿನ್ನಲ್ಲೇ ಸುತ್ತುತ್ತದೆ. ಇಳಿಯುವಾಗ ತಣ್ಣಗಾದ ಅದೇ ಗಾಡಿ ಘಾಟಿ ಹತ್ತುವಾಗ ಕುದಿಯಬಹುದು.

ಮೊದಲು ಖಚಿತ ಮಾಡಿಕೊಳ್ಳಿ. ಕೂಲಂಟ್ ಮಟ್ಟ ನೋಡಿ, ಕಡಿಮೆ ಇದ್ದರೂ ಹೀಟರ್ ತಣ್ಣಗಾಗುತ್ತದೆ. ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ಮನೆಯಿಂದ (ಅದು ಕೂರುವ ಗೂಡು) ರೇಡಿಯೇಟರ್‌ಗೆ ಹೋಗುವ ಪೈಪ್ ಮುಟ್ಟುತ್ತಿರಿ. ಫ್ಯಾನ್, ಬೆಲ್ಟಿನಿಂದ ಕೈ ದೂರವಿರಲಿ. ಸರಿ ಇರುವ ಗಾಡಿಯಲ್ಲಿ ಪೈಪ್ ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ.

ಮನೆಯಲ್ಲೇ ಮಾಡಬಹುದು. ಇಂಜಿನ್ ಪೂರ್ತಿ ತಣಿಯದೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟನ್ನು ಬೇಸಿನ್ನಿಗೆ ಇಳಿಸಿ ಮುಚ್ಚಿಡಿ. ಅದು ಸಿಹಿ, ಆದರೆ ವಿಷ. ನಾಯಿ ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ.

ಥರ್ಮೋಸ್ಟಾಟ್ ಮನೆಗೆ ಸಾಮಾನ್ಯವಾಗಿ ಎರಡೋ ಮೂರೋ ಬೋಲ್ಟ್, ಹೆಚ್ಚಾಗಿ 10ರ ಸ್ಪ್ಯಾನರ್. ಹೊಸದನ್ನು ಹಾಕುವ ಮೊದಲು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ತೆರೆಯುವ ಡಿಗ್ರಿ, 82 ಅಥವಾ 88 ಹೀಗೆ, ಕೆತ್ತಿರುತ್ತದೆ. ಆ ಬಿಸಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಮಡಿಕೇರಿಯ ಎತ್ತರಕ್ಕೆ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಈ ಪರೀಕ್ಷೆಗೆ ಅಷ್ಟು ಸಾಕು.

ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗೆ. ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕೆ ಬರಲಿ, ಗಾಳಿ ಹೋಗುವುದು ಅಲ್ಲಿಂದಲೇ. ಹಳೇ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪಟ್ಟಿ) ಪೂರ್ತಿ ತೆಗೆದು ಹೊಸದು ಹಾಕಿ. ಬೋಲ್ಟನ್ನು ಜೋರಾಗಿ ಬಿಗಿಯಬೇಡಿ, ಅಲ್ಯೂಮಿನಿಯಂ ಥ್ರೆಡ್ ಹೋದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಮಡಿಕೇರಿ_ಗಾಡಿ:
ತುಂಬಾ ಥ್ಯಾಂಕ್ಸ್ ಸರ್. ಪೈಪ್ ನೀವು ಹೇಳಿದ ಹಾಗೇ ಶುರುವಿನಿಂದಲೇ ಬೆಚ್ಚಗಾಯಿತು. ಹಳೆಯದನ್ನು ಬಿಚ್ಚಿ ನೋಡಿದರೆ ಕೈಯಲ್ಲಿ ತಣ್ಣಗಿದ್ದಾಗಲೂ ಬೆಳಕು ಕಾಣುವಷ್ಟು ಬಾಯಿ ತೆರೆದಿತ್ತು. ಹೊಸದು ಹಾಕಿದೆ. ಈಗ ಮುಳ್ಳು ಅರ್ಧ ದಾಟಿ ಮತ್ತೆ ಇಳಿಯುತ್ತದೆ, ಡ್ಯಾಶ್‌ಬೋರ್ಡ್ ಒಳಗೆ ಗುಳುಗುಳು ಸದ್ದು. ಏನಿದು?

ಸ್ಪ್ಯಾನರ್_ಪೆಟ್ಟಿಗೆ:
ಒಳಗೆ ಗಾಳಿ ಸಿಕ್ಕಿಕೊಂಡಿದೆ. ಹೀಗೇ ಓಡಿಸಬೇಡಿ. ತಣಿದ ಮೇಲೆ ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡಿ. ಮುಖ ದೂರ ಇರಲಿ. ಗುಳ್ಳೆ ಬಂದಂತೆ ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ. ಗುಳ್ಳೆ ನಿಂತಾಗ ಮುಚ್ಚಳ ಹಾಕಿ. ಆಮೇಲೆ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವ ತನಕ ಬಿಟ್ಟು ನೋಡಿ. ಬೋರ್‌ವೆಲ್ ನೀರು ಮಾತ್ರ ಬೇಡ, ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಹಾಕಿ.

ಮಡಿಕೇರಿ_ಗಾಡಿ:
ಗಾಳಿ ಹೋಯಿತು ಸರ್, ಸುಮಾರು ಕೂಲಂಟ್ ಹಿಡಿಯಿತು. ಸಂಪಾಜೆ ಇಳಿದು ಹತ್ತಿ ಬಂದೆ, ಮುಳ್ಳು ಅರ್ಧ ಬಿಟ್ಟು ಕದಲಲಿಲ್ಲ. ಹೀಟರ್ ಬಿಸಿ ಬರುತ್ತಿದೆ. ಕೋಡ್ ಅಳಿಸಿದ್ದೇನೆ, ಮತ್ತೆ ಬಂದರೆ ಇಲ್ಲೇ ಹಾಕುತ್ತೇನೆ.

ಸ್ಪ್ಯಾನರ್_ಪೆಟ್ಟಿಗೆ:
ಖುಷಿಯಾಯಿತು. ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮಟ್ಟ ಇನ್ನೊಮ್ಮೆ ನೋಡಿ, ಗ್ಯಾಸ್ಕೆಟ್ ಅಂಚಿನಲ್ಲಿ ಬೆರಳಾಡಿಸಿ. ಒದ್ದೆ ಇದ್ದರೆ ಹೇಳಿ.