ಎಸ್ಪೊ ಚಳಿಯಲ್ಲಿ ಐದು ತಿಂಗಳ ಮಗು: ದಿನಾ ಹೊರಗೆ ಹೋಗೋದು ಹೇಗೆ?

ಮಾಟಿನ್‌ಕ್ಯುಲಾ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಫಿನ್‌ಲ್ಯಾಂಡಿನ ಎಸ್ಪೊದಲ್ಲಿದ್ದೇವೆ, ಮಾಟಿನ್‌ಕ್ಯುಲಾ ಮೆಟ್ರೊ ಹತ್ತಿರ. ಊರು ತೀರ್ಥಹಳ್ಳಿ ಕಡೆ. ಮಗನಿಗೆ ಐದು ತಿಂಗಳು. ಬೇಸಿಗೆಯಲ್ಲಿ ಹುಟ್ಟಿದವನು, ಇದು ಅವನ ಮೊದಲ ಚಳಿಗಾಲ.

ನ್ಯೂವೊಲಾಗೆ (ಇಲ್ಲಿನ ತಾಯಿ-ಮಗು ತಪಾಸಣಾ ಕೇಂದ್ರ) ಹೋದಾಗಲೆಲ್ಲ ನರ್ಸ್ ಕೇಳೋದು ಒಂದೇ: "ದಿನಾ ಹೊರಗೆ ಹೋಗ್ತಿದ್ದೀರಾ?" ಅಮ್ಮ ವಿಡಿಯೊ ಕಾಲ್‌ನಲ್ಲಿ ಹೇಳೋದು ಪೂರ್ತಿ ಉಲ್ಟಾ: "ಆ ಥಂಡಿಗೆ ಕೂಸನ್ನ ಹೊರಗೆ ತೆಗೀಬೇಡ ಮಾರಾಯ್ತಿ, ಕಿವಿಗೆ ಗಾಳಿ ಹೊಕ್ಕರೆ ಏನ್ಮಾಡ್ತೀಯ?" ಗಂಡ ಬೆಳಿಗ್ಗೆ ಕತ್ತಲಲ್ಲಿ ಆಫೀಸಿಗೆ ಹೋದರೆ ಕತ್ತಲಲ್ಲೇ ಬರುತ್ತಾರೆ. ನಾನು ಮಗು ಇಬ್ಬರೇ.

ಹೊರಡೋಣ ಅಂತ ಶುರು ಮಾಡಿದರೆ ಬಟ್ಟೆ ಹಾಕುವಷ್ಟರಲ್ಲಿ ಅವನು ಬೆವರಿ, ಅತ್ತು, ಕೆಂಪಾಗಿರುತ್ತಾನೆ. ಆಮೇಲೆ ಡೈಪರ್ ತುಂಬಿರುತ್ತೆ. ಎಲ್ಲ ಬಿಚ್ಚಿ ಮತ್ತೆ ಹಾಕಬೇಕು. ಅಷ್ಟರಲ್ಲಿ ಹಾಲಿನ ಹೊತ್ತು. ಸುಮ್ನೆ ಮನೆಯಲ್ಲೇ ಕೂತುಬಿಡುತ್ತೇನೆ. ಮೂರೂವರೆಗೆ ಕಿಟಕಿ ನೋಡಿದರೆ ರಾತ್ರಿ.

ಎಷ್ಟು ಪದರ ಬಟ್ಟೆ ಹಾಕುತ್ತೀರಿ? ಎಲ್ಲಿಗೆ ಹೋಗುತ್ತೀರಿ? ಮನೆಯಲ್ಲಿ ಎಣ್ಣೆ ಹಚ್ಚಿ ಎರೆಯೋದು, ರಾಗಿ ಸರಿ ಇವೆಲ್ಲ ಇಲ್ಲಿ ಹೇಗೆ ನಡೆಸುತ್ತೀರಿ? ಅನುಭವ ಇದ್ದವರು ಹೇಳಿ.

---

ತುಂಗಾತೀರ ಉತ್ತರ:

ನಾನೂ ಎಸ್ಪೊದಲ್ಲೇ, ಲೆಪ್ಪಾವಾರಾದಲ್ಲಿದ್ದೇನೆ. ಮಗಳಿಗೆ ಈಗ ಒಂದೂವರೆ ವರ್ಷ. ಹೋದ ಚಳಿಗಾಲದಲ್ಲಿ ಹೆಚ್ಚುಕಡಿಮೆ ನಿಮ್ಮ ಮಗನಷ್ಟೇ ಇದ್ದಳು.

ನನ್ನ ಅನುಭವದಲ್ಲಿ ಹೊರಗಿನ ಚಳಿಗಿಂತ ಬಾಗಿಲ ಹತ್ತಿರದ ಆ ಇಪ್ಪತ್ತು ನಿಮಿಷವೇ ನಮ್ಮನ್ನು ಸೋಲಿಸೋದು. ಮನೆಯೊಳಗೆ 22 ಡಿಗ್ರಿ. ಅಲ್ಲಿ ಉಣ್ಣೆ ಬಟ್ಟೆ ಹಾಕಿ ನಿಲ್ಲಿಸಿದರೆ ನಾವೇ ಬೇಯುತ್ತೇವೆ, ಮಗು ಅಳದೆ ಏನು ಮಾಡುತ್ತೆ? ಆದ್ದರಿಂದ ಕ್ರಮ ಬದಲಾಯಿಸಿ. ಮೊದಲು ಹಾಲು, ಡೈಪರ್. ಆಮೇಲೆ ನೀವು ರೆಡಿ ಆಗಿ: ಪ್ಯಾಂಟ್, ಬೂಟು, ಟೋಪಿ, ಕೀಲಿ, ಚೀಲ ಎಲ್ಲ. ಜಾಕೆಟ್ ಒಂದು ಬಾಕಿ ಇರಲಿ. ಗಾಡಿ ಬಾಗಿಲ ಹೊರಗೆ ತಯಾರಿರಲಿ. ಮಗುವಿನದು ಕಟ್ಟಕಡೆಗೆ. ಹಾಲರಿಯ (ಮೈಪೂರ್ತಿ ಮುಚ್ಚುವ ಚಳಿಯ ದಪ್ಪ ಬಟ್ಟೆ) ಜಿಪ್ ತೆಗೆದು ನೆಲದ ಮೇಲೆ ಹರವಿ, ಅದರ ಮೇಲೆ ಮಗುವನ್ನು ಮಲಗಿಸಿ, ಮೊದಲು ಕಾಲು, ಆಮೇಲೆ ಕೈ, ಜಿಪ್ ಎಳೆದು ಎತ್ತಿಕೊಂಡು ನಡೆಯೋದೇ. ಟೋಪಿ ಲಿಫ್ಟಿನಲ್ಲಿ ಹಾಕಿದರೂ ಆಯಿತು. ಅತ್ತರೆ ಅಳಲಿ. ಹೊರಗಿನ ಗಾಳಿ ಮುಖಕ್ಕೆ ತಾಗಿದ ಕೂಡಲೇ ನನ್ನ ಮಗಳು ಸ್ವಿಚ್ ಒತ್ತಿದ ಹಾಗೆ ಸುಮ್ಮನಾಗುತ್ತಿದ್ದಳು.

ಪದರದ ಲೆಕ್ಕ: ಮೈಗೆ ತಾಗುವಂತೆ ತೆಳು ಮೆರಿನೊ ಉಣ್ಣೆಯದು, ಅದರ ಮೇಲೆ ಒಂದು ಉಣ್ಣೆ ಅಥವಾ ಫ್ಲೀಸ್, ಮೇಲೆ ಹಾಲರಿ. ಗಾಡಿಯಲ್ಲಿ ದಪ್ಪ ಮಲಗುವ ಚೀಲ ಇದ್ದರೆ ಸೊನ್ನೆಯ ಆಸುಪಾಸಿನಲ್ಲಿ ನಡುವಿನ ಪದರ ಬಿಡಬಹುದು. ಹತ್ತಿ ಬಟ್ಟೆ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತೆ, ಅದೇ ಶೀತ. ಕತ್ತು ಮುಚ್ಚುವ ಉಣ್ಣೆ ಟೋಪಿ ಬರುತ್ತಲ್ಲ, ಮುಖ ಮಾತ್ರ ಕಾಣುವಂಥದ್ದು, ಅದು ಇದ್ದರೆ ಸ್ಕಾರ್ಫ್ ಬೇಡ. ಅಮ್ಮನ ಕಿವಿ ಚಿಂತೆಗೂ ಅದೇ ಉತ್ತರ. ನೀವು ಕೆಲಾದಿಂದ (ಇಲ್ಲಿನ ಸರ್ಕಾರಿ ಸಾಮಾಜಿಕ ವಿಮಾ ಸಂಸ್ಥೆ) ಕೂಸಿನ ಸಾಮಾನಿನ ತಾಯ್ತನದ ಪೆಟ್ಟಿಗೆ ತಗೊಂಡಿದ್ದರೆ ಅದರಲ್ಲೇ ಹಾಲರಿ, ಟೋಪಿ ಎಲ್ಲ ಇರುತ್ತೆ, ಮತ್ತೆ ಹುಡುಕಿ ನೋಡಿ. ಇಲ್ಲದಿದ್ದರೆ ಹೊಸದಕ್ಕೆ ದುಡ್ಡು ಸುರಿಯಬೇಡಿ. ಕಿರ್ಪುಟೋರಿಗಳಲ್ಲಿ, ಅಂದರೆ ಹಳೆ ಸಾಮಾನಿನ ಅಂಗಡಿಗಳಲ್ಲಿ, ಮೆರಿನೊ ಬಟ್ಟೆ ಮೆತ್ತಗೆ, ಒಗೆದು ಹದವಾಗಿ ಸಿಗುತ್ತೆ.

ಸಾಕಷ್ಟು ಬೆಚ್ಚಗಿದೆಯಾ ಅಂತ ನೋಡೋಕೆ ಕೈ ಮುಟ್ಟಬೇಡಿ. ಮಕ್ಕಳ ಕೈ ತಣ್ಣಗೇ ಇರುತ್ತೆ. ಎರಡು ಬೆರಳನ್ನು ಕತ್ತಿನ ಹಿಂದೆ ತೂರಿಸಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ಒದ್ದೆ ಇದ್ದರೆ ಜಾಸ್ತಿ ಹಾಕಿದ್ದೀರಿ. ನಮ್ಮ ಕಡೆಯಿಂದ ಬಂದವರೆಲ್ಲ ಜಾಸ್ತಿಯೇ ಹಾಕೋದು, ಕಡಿಮೆ ಹಾಕಿದವರನ್ನು ನಾನಂತೂ ನೋಡಿಲ್ಲ. ಗಾಡಿಯ ಬಾಯಿಗೆ ಕಂಬಳಿ ಮುಚ್ಚಬೇಡಿ, ಉಸಿರಾಡೋಕೆ ಗಾಳಿ ಬೇಕು.

ಎಷ್ಟು ಚಳಿಯವರೆಗೆ? ಮೈನಸ್ 10ರವರೆಗೆ ಮಗುವನ್ನು ಹೊರಗೆ ಮಲಗಿಸಬಹುದು ಅಂತ ಇಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ಕೆಳಗಿಳಿದರೆ ನಾವು ಅಂಗಡಿವರೆಗೆ ಹೋಗಿ ವಾಪಸ್. ನಿಜವಾಗಿ ಕಷ್ಟ ಅಂದರೆ ಪ್ಲಸ್ ಒಂದು ಡಿಗ್ರಿ, ಮಳೆ, ಸಮುದ್ರದ ಗಾಳಿ. ನೀವಿರುವುದು ದಡದ ಹತ್ತಿರ, ದಡದುದ್ದಕ್ಕೂ ಹೋಗುವ ರಾಂಟರೈಟ್ಟಿ ಕಾಲುದಾರಿ ಬಹಳ ಚೆನ್ನಾಗಿದೆ, ಆದರೆ ಗಾಳಿಯ ದಿನ ಅತ್ತ ತಲೆ ಹಾಕಬೇಡಿ. ಒಣಗಿದ ಮೈನಸ್ ಆರು ಇದ್ದ ದಿನ ಕಣ್ಣುಮುಚ್ಚಿ ಹೊರಡಿ.

ಹೊತ್ತು: ಡಿಸೆಂಬರ್ ನಡುವಲ್ಲಿ ಸೂರ್ಯ ಹುಟ್ಟೋದು ಒಂಬತ್ತೂಕಾಲರ ಮೇಲೆ, ಮುಳುಗೋದು ಮೂರೂಕಾಲರ ಒಳಗೆ. ಹತ್ತರಿಂದ ಒಂದರವರೆಗೆ ಮಾತ್ರ ಬೆಳಕು ಅಂತ ಇಟ್ಟುಕೊಳ್ಳಿ. ಬೆಳಗಿನ ನಿದ್ದೆಯನ್ನು ಗಾಡಿಗೆ ವರ್ಗಾಯಿಸಿಬಿಡಿ. ಆಮೇಲೆ ಗಾಡಿಗೆ, ನಿಮ್ಮ ಜಾಕೆಟ್ಟಿಗೆ ಹೈಯಸ್ತಿನ್ (ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರ್) ತೂಗುಹಾಕಿ. ಕತ್ತಲಲ್ಲಿ ನಡೆಯುವಾಗ ಅದು ಇರಲೇಬೇಕು.

ಎಲ್ಲಿಗೆ ಅಂದರೆ, ನಿಮಗೆ ಇಸೊ ಓಮೆನಾ ಪಕ್ಕದಲ್ಲೇ ಇದೆ ಅಲ್ವಾ! ಮೆಟ್ರೊ ಸ್ಟೇಷನ್ನಿಗೆ ಅಂಟಿಕೊಂಡ ಮಾಲ್, ಒಳಗೆ ಲೈಬ್ರರಿ. ಮಗುವಿಗೆ ಬಟ್ಟೆ ಬದಲಿಸೋ ಕೋಣೆಯಲ್ಲಿ ಹಾಲು ಕುಡಿಸೋ ಕುರ್ಚಿ, ಮೈಕ್ರೊವೇವ್ ಸಿಗುತ್ತೆ. ಒಳಗೆ ಹೋದ ಕೂಡಲೇ ಹಾಲರಿ ಜಿಪ್ ಬಿಚ್ಚಿ, ಮಲಗಿದ್ದರೂ ಸರಿ. ಲೈಬ್ರರಿಗಳಲ್ಲಿ ಪುಟ್ಟ ಮಕ್ಕಳಿಗೆ ಲೋರುಹೆಟ್ಕಿ ಅಂತ ಇರುತ್ತೆ. ಗುಂಡಗೆ ಕೂತು ಕೈ ತಟ್ಟುತ್ತಾ ಫಿನ್ನಿಷ್ ಶಿಶುಗೀತೆ ಹೇಳೋದು, ಅಷ್ಟೇ. ಪುಕ್ಕಟೆ. ಅರ್ಥ ಆಗದಿದ್ದರೂ ಬಾಯಿ ಆಡಿಸಿ, ಅಲ್ಲಿ ಅರ್ಧ ಜನಕ್ಕೆ ನಿದ್ದೆಯೇ ಆಗಿರೋಲ್ಲ, ಯಾರೂ ನೋಡೋಲ್ಲ. ನನಗೆ ಇಲ್ಲಿ ಸಿಕ್ಕ ಮೊದಲ ಫಿನ್ನಿಷ್ ಗೆಳತಿ ಅಲ್ಲಿಯವಳೇ. ಎಸ್ಪೊದ ಅಸುಕಸ್‌ಪುಯಿಸ್ಟೊಗಳೂ ಒಳ್ಳೆಯವು, ಆಟದ ಅಂಗಳದ ಜೊತೆ ಬೆಚ್ಚಗಿನ ಒಂದು ಕಟ್ಟಡ. ನಿಮ್ಮ ಡಬ್ಬಿ ನೀವೇ ಒಯ್ದು ಬಿಸಿ ಮಾಡಿ ಉಣ್ಣಬಹುದು. ಚಿತ್ರಾನ್ನದ ವಾಸನೆಗೆ ಯಾರೂ ಮೂಗು ಮುರಿಯೋಲ್ಲ, ನನ್ನನ್ನು ಕೇಳಿ ಬರೆದುಕೊಂಡವರೇ ಇದ್ದಾರೆ.

ಗಾಡಿಯ ಚಕ್ರ ದೊಡ್ಡದಿರಲಿ. ಮಡಚುವ ಸಣ್ಣ ಚಕ್ರದ್ದು ಹಿಮದಲ್ಲಿ ಹೂತು ನಿಲ್ಲುತ್ತೆ. ಜಾರದಿರಲಿ ಅಂತ ದಾರಿಗೆ ಚೆಲ್ಲುವ ಜಲ್ಲಿ ಚಕ್ರದ ಸಂದಿಯಲ್ಲಿ ಸಿಕ್ಕಿ ಮನೆಯೊಳಗೆ ಬಂದು ಏಪ್ರಿಲ್‌ವರೆಗೆ ಕಾಲಿಗೆ ಚುಚ್ಚುತ್ತೆ. ಗಾಡಿ ಇಡೋಕೆ ಕಟ್ಟಡದಲ್ಲಿ ಕೋಣೆ ಇದ್ದರೆ ಅಲ್ಲೇ ಬಿಡಿ.

ನಿಮ್ಮ ಅಮ್ಮನಿಗೆ ಹೇಳೋಕೆ ಒಂದು ಹೆಸರು ಕೊಡುತ್ತೇನೆ: ಆರ್ವೊ ಉಲ್ಪ್ಯೊ. ಫಿನ್‌ಲ್ಯಾಂಡಿನ ದೊಡ್ಡ ಮಕ್ಕಳ ಡಾಕ್ಟರ್. ನೂರು ವರ್ಷದ ಹಿಂದೆ ಇಲ್ಲಿ ಕೂಸುಗಳು ಸಾಯೋದು, ಮೂಳೆ ಬಾಗುವ ರಿಕೆಟ್ಸ್ ಬರೋದು ಬಹಳ ಇತ್ತು. ಆಗ ಮಕ್ಕಳಿಗೆ ಬೆಳಕು, ಗಾಳಿ ಬೇಕು, ಹೊರಗೆ ಮಲಗಿಸಿ ಅಂತ ಮನೆಮನೆಗೆ ತಲುಪಿಸಿದವರಲ್ಲಿ ಅವರು ಮುಖ್ಯರು. 1887ರಲ್ಲಿ ಹುಟ್ಟಿ 1992ರವರೆಗೆ ಬದುಕಿದ್ದರು. ಅಂದ ಹಾಗೆ ಈ ತಿಂಗಳುಗಳ ಬಿಸಿಲಿನಲ್ಲಿ ಡಿ ವಿಟಮಿನ್ ಸಿಗೋಲ್ಲ, ಹೊರಗೆ ಹೋದರೂ ಡಿ ವಿಟಮಿನ್ ಹನಿ ಕೊಡೋದನ್ನು ನಿಲ್ಲಿಸಬೇಡಿ, ದಿನಕ್ಕೆ 10 ಮೈಕ್ರೊಗ್ರಾಂ.

---

ರಜೆಯ ಅಪ್ಪ ಉತ್ತರ:

ತಾಂಪೆರೆಯಿಂದ. ನಾನು ಈಗ ಮಗಳ ಜೊತೆ ಮನೆಯಲ್ಲಿದ್ದೇನೆ, ಹೆಂಡತಿ ಕೆಲಸಕ್ಕೆ ವಾಪಸ್ ಹೋದಳು. ಹೆತ್ತವರ ರಜೆಯ ಕಾನೂನು 2022ರಲ್ಲಿ ಬದಲಾದ ನಂತರ ಅಪ್ಪ ಅಮ್ಮ ಇಬ್ಬರಿಗೂ ತಲಾ 160 ದಿನದ ರಜೆಯ ಭತ್ಯೆ ಇದೆ. ನಿಮ್ಮವರು ಅವರ ಪಾಲು ಇನ್ನೂ ತಗೊಂಡಿಲ್ಲ ಅಂದರೆ ಫೆಬ್ರವರಿ, ಮಾರ್ಚಿಗೆ ಯೋಚಿಸಿ. ಆಗ ಹಿಮವೂ ಇರುತ್ತೆ, ಬಿಸಿಲೂ ಇರುತ್ತೆ, ವರ್ಷದಲ್ಲೇ ಒಳ್ಳೆಯ ಹೊತ್ತು. (ನನಗೆ ಸಿಕ್ಕಿದ್ದು ನವೆಂಬರ್. ಹೆಂಡತಿಯ ಪ್ಲಾನಿಂಗ್!)

ಚಳಿಗೆ ಫೋನ್ ಬ್ಯಾಟರಿ ಥಟ್ಟನೆ ಸಾಯುತ್ತೆ, ಒಳಜೇಬಿನಲ್ಲಿಡಿ. ಬೂಟಿಗೆ ಮೊಳೆ ಇರೋದು ತಗೊಳ್ಳಿ. ನೀವು ಜಾರಿದರೆ ಗಾಡಿಯೂ ಜಾರುತ್ತೆ. ಮನೆಯಿಂದ ಹೊರಬೀಳೋಕೆ ಆಗದ ದಿನ ನಾವು ಟ್ರಾಮ್ ಹತ್ತಿ ಕೊನೆಯ ಸ್ಟಾಪ್‌ವರೆಗೆ ಹೋಗಿ ಅದರಲ್ಲೇ ವಾಪಸ್ ಬರುತ್ತೇವೆ. ನಿಮಗೆ ಮೆಟ್ರೊ ಇದೆ.

ಇಲ್ಲಿನವರು ಗಾಡಿಯನ್ನು ಕೆಫೆ ಹೊರಗೆ ಬಿಟ್ಟು ಒಳಗೆ ಕಾಫಿ ಕುಡಿಯುತ್ತಾರೆ, ಮಗು ಹೊರಗೆ ನಿದ್ದೆ. ಅದು ಮಾತ್ರ ನನ್ನ ಕೈಲಿ ಆಗೋಲ್ಲ. ಕಾಫಿ ತಗೊಂಡು ನಾನೂ ಹೊರಗೇ ನಿಲ್ಲುತ್ತೇನೆ.

---

ಮಿನ್ನೆಸೋಟ ಮನೆ ಉತ್ತರ:

ಬೇರೆ ದೇಶ, ಆದರೂ ಒಂದು ಮಾತು. ಕಾರಿನಲ್ಲಿ ಹೋಗುವುದಿದ್ದರೆ ಆ ದಪ್ಪ ಹಾಲರಿ ಹಾಕಿ ಕಾರ್ ಸೀಟಿನಲ್ಲಿ ಬೆಲ್ಟ್ ಕಟ್ಟಬೇಡಿ. ಡಿಕ್ಕಿಯಾದರೆ ಬಟ್ಟೆಯೊಳಗಿನ ಗಾಳಿ ಒತ್ತಿಹೋಗಿ ಬೆಲ್ಟ್ ಸಡಿಲ ಆಗುತ್ತೆ. ತೆಳು ಫ್ಲೀಸ್ ಹಾಕಿ, ಬೆಲ್ಟ್ ಬಿಗಿ ಮಾಡಿ, ಅದರ ಮೇಲೆ ಕಂಬಳಿ ಹೊದಿಸಿ. ಇಲ್ಲಿ ಮಕ್ಕಳ ಡಾಕ್ಟರುಗಳು ಇದನ್ನೇ ಹೇಳುತ್ತಾರೆ.

---

ಶಿವಮೊಗ್ಗ ಅಜ್ಜಿ ಉತ್ತರ:

ನಾನು ಬಾಣಂತನಕ್ಕೆ ಅಂತ ಮಗಳ ಮನೆಗೆ ಎಸ್ಪೊಗೆ ಹೋಗಿದ್ದವಳು. ವೀಸಾ 90 ದಿನದ್ದು, ಅದೂ ಡಿಸೆಂಬರಿನಿಂದ. ಹಾಗಾಗಿ ನಿಮ್ಮ ಅಮ್ಮನ ಪರವಾಗಿ ನಾನು ಮಾತಾಡಬೇಕು.

ಮಗಳು ಕೂಸನ್ನು ಗಾಜು ಹಾಕಿದ ಬಾಲ್ಕನಿಯಲ್ಲಿ ಗಾಡಿಯಲ್ಲಿ ಮಲಗಿಸಿ ಬಾಗಿಲು ಹಾಕಿಕೊಂಡು ಬಂದಳು. ನನಗೆ ಎದೆ ಧಸಕ್ ಅಂತು. ನಾನು ಶಾಲು ಹೊದ್ದು ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತೆ. ಕೂಸು ಎರಡು ಗಂಟೆ ಮಲಗಿತು. ಮನೆಯೊಳಗೆ ಮುಕ್ಕಾಲು ಗಂಟೆ ಮಲಗಿದರೆ ಅದೇ ದೊಡ್ಡದಿತ್ತು. ಎದ್ದಾಗ ಕೆನ್ನೆ ತಣ್ಣಗೆ, ಬೆನ್ನು ಬೆಚ್ಚಗೆ. ನಾನು ಆಮೇಲೆ ಮಾತಾಡಲಿಲ್ಲ. ಒಪ್ಪಿದೆ ಅಂತಲ್ಲ, ಕೂಸು ಮಲಗುತ್ತಲ್ಲ ಅಂತ. 104 ವರ್ಷ ಬದುಕಿದ ಡಾಕ್ಟರ್ ಅಂದರೆ ಎದುರು ಹೇಳೋದೂ ಕಷ್ಟ.

ನಿಮ್ಮ ಅಮ್ಮನಿಗೆ ಡಿಗ್ರಿ ಲೆಕ್ಕ ಹೇಳಬೇಡಿ, ಮೈನಸ್ ಅಂದ ಕೂಡಲೇ ಅವರಿಗೆ ಮುಂದಿನದು ಕೇಳಿಸೋಲ್ಲ. ಮಲಗಿದ್ದಾಗ ವಿಡಿಯೊ ಮಾಡಿ ತೋರಿಸಿ, ಕತ್ತಿನ ಹಿಂದೆ ಬೆರಳು ಇಟ್ಟು ತೋರಿಸಿ. ಊರಿನ ಕುಲಾವಿಯನ್ನು ಒಳಗಿನ ಟೋಪಿ ಮಾಡಿ ಹಾಕಿ, ಅವರಿಗೂ ಸಮಾಧಾನ.

ಎಣ್ಣೆ ಹಚ್ಚೋದು ಬಚ್ಚಲಲ್ಲೇ ಮಾಡಿ. ಮಗಳ ಮನೆಯಲ್ಲಿ ಬಚ್ಚಲ ನೆಲವೇ ಬೆಚ್ಚಗಿತ್ತು, ನಮ್ಮಲ್ಲಿ ಹಂಡೆ ಒಲೆ ಉರಿಸಿದರೂ ಅಷ್ಟು ಹಿತ ಇರೋಲ್ಲ. ಕೊಬ್ಬರಿ ಎಣ್ಣೆ ಅಲ್ಲಿ ಯಾವಾಗಲೂ ಗಟ್ಟಿ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಮುಳುಗಿಸಿಡಿ, ಮೊಣಕೈಗೆ ಒಂದು ಹನಿ ಬಿಟ್ಟು ನೋಡಿ ಹಚ್ಚಿ. ಎರೆದ ಮೇಲೆ ಒಂದೆರಡು ಗಂಟೆ ಹೊರಗೆ ಬೇಡ, ತಲೆ ಪೂರ್ತಿ ಒಣಗಲಿ. ಅಥವಾ ಸಂಜೆ ಎರೆಯಿರಿ, ಕತ್ತಲಾದ ಮೇಲೆ ಅಲ್ಲಿ ಮಾಡೋಕಾದರೂ ಇನ್ನೇನಿದೆ?

ಸಾಂಬ್ರಾಣಿ ಹೊಗೆಯ ಆಸೆ ಬಿಡಿ. ನಾನು ಇಷ್ಟೇ ಇಷ್ಟು ಹಾಕಿದ್ದೆ, ಚಾವಣಿಯ ಗಂಟೆ ಬಾಯಿ ಬಡಿದುಕೊಳ್ಳೋಕೆ ಶುರು ಮಾಡಿತು. ಅಳಿಯ ಕುರ್ಚಿ ಹತ್ತಿ ಟವೆಲ್ ಬೀಸಿದ. ಕೂಸಿನ ಎದೆಗೂ ಹೊಗೆ ಒಳ್ಳೇದಲ್ಲ ಅಂತ ನರ್ಸಮ್ಮನೂ ಅಂದಳು, ಅಲ್ಲಿಗೆ ಮುಗಿಯಿತು.

ರಾಗಿ ಮೊಳಕೆ ಮಾತ್ರ ಅಲ್ಲಿ ಊರಿಗಿಂತ ಚೆನ್ನಾಗಿ ಬರುತ್ತೆ. ರಾತ್ರಿ ನೆನೆಸಿ, ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಸ್ಟೀಲ್ ಪಾತ್ರೆಯಲ್ಲಿಟ್ಟು ಕಿಟಕಿ ಕೆಳಗಿನ ರೇಡಿಯೇಟರ್ ಪಕ್ಕ ಇಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು, ಆ ಮನೆಗಳ ಗಾಳಿ ಬಹಳ ಒಣ. ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು, ಪುಡಿ ಮಾಡಿ, ತೆಳು ಪಂಚೆಯಲ್ಲಿ ಜರಡಿ ಹಿಡಿಯಿರಿ. ಬಟ್ಟೆಯ ಕೆಳಗೆ ಇಳಿಯುವ ಆ ಬಿಳಿ ಧೂಳಿನಂಥ ಹಿಟ್ಟು ಮಾತ್ರ ಕೂಸಿಗೆ, ಮೇಲುಳಿದದ್ದು ನಿಮಗೆ ಅಂಬಲಿಗೆ. ಐದು ತಿಂಗಳಿಗೇ ಶುರು ಮಾಡಬಹುದಾ ಅಂತ ನ್ಯೂವೊಲಾದಲ್ಲಿ ಕೇಳಿಕೊಂಡು ಕೊಡಿ.

---

ಮಾಟಿನ್‌ಕ್ಯುಲಾ ಅಮ್ಮ:

ಅಜ್ಜೀ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. "ಆಯ್ತು, ಆದ್ರೆ ಬಾಲ್ಕನಿ ಬಾಗಿಲ ಹತ್ರ ನೀನೇ ಕೂತ್ಕೊ" ಅಂದರು. ಅಷ್ಟು ಸಾಕು. ತುಂಗಾತೀರ ಹೇಳಿದ ಹಾಗೆ ನಾನು ಮೊದಲು ಬೂಟು ಹಾಕಿಕೊಂಡೆ, ಇವತ್ತು ಇಸೊ ಓಮೆನಾವರೆಗೆ ಹೋಗಿ ಬಂದೆವು. ವಾಪಸ್ ಬರುವಾಗ ಅತ್ತ, ಪರವಾಗಿಲ್ಲ.

ಒಂದೇ ಸಮಸ್ಯೆ, ಪೆಟ್ಟಿಗೆಯಲ್ಲಿದ್ದ ಹಾಲರಿಯಲ್ಲಿ ಕಾಲು ಈಗಲೇ ಪೂರ್ತಿ ತುದಿ ಮುಟ್ಟುತ್ತಿದೆ. 68ರ ಸೈಜಿನದು ಯಾರ ಹತ್ತಿರವಾದರೂ ಇದೆಯಾ?

---

ತುಂಗಾತೀರ:

68 ಬೇಡ, ಜನವರಿಗೇ ಬಿಗಿಯಾಗುತ್ತೆ. ನನ್ನ ಹತ್ತಿರ 74 ಇದೆ, ಹಳದಿ ಬಣ್ಣ, ಮೊಣಕಾಲಿನಲ್ಲಿ ಸ್ವಲ್ಪ ಸವೆದಿದೆ. ಶನಿವಾರ ಸೆಲ್ಲೊ ಲೈಬ್ರರಿ ಕಡೆ ಬಂದರೆ ಕೊಡುತ್ತೇನೆ. ಬರುವಾಗ ರಾಗಿ ಹಿಟ್ಟು ಒಂದು ಡಬ್ಬಿ ತನ್ನಿ, ನನ್ನದು ಮುಗಿದಿದೆ.