ಸೋಮವಾರ ಶಾಲೆ ಇಲ್ಲ, ಇಬ್ಬರೂ ಮನೆಯಲ್ಲೇ. ಇಡೀ ದಿನ ಏನು ಮಾಡಿಸೋದು?

ಎರಡುಮಕ್ಕಳಮ್ಮ:
ಎಲ್ಲರಿಗೂ ನಮಸ್ಕಾರ. ಸೋಮವಾರ ಟೀಚರ್‌ಗಳಿಗೆ ಟ್ರೈನಿಂಗ್ ಅಂತೆ, ಮಕ್ಕಳಿಗೆ ರಜೆ. ನಮಗಿಬ್ಬರಿಗೂ ರಜೆ ಇಲ್ಲ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ, ಆದರೆ 11ರಿಂದ 12:30ರ ತನಕ ಒಂದು ಮೀಟಿಂಗ್ ಇದೆ, ಮಧ್ಯೆ ಏಳುವ ಹಾಗಿಲ್ಲ. ದೊಡ್ಡವನಿಗೆ 9, ಚಿಕ್ಕವಳಿಗೆ 6. ಸುಮ್ನೆ ಬಿಟ್ಟರೆ ಟ್ಯಾಬ್ಲೆಟ್ ಹಿಡಿದು ಕೂತವರು ಸಂಜೆಗೇ ಏಳೋದು. ದೊಡ್ಡವನು ಓದೋದರಲ್ಲಿ ಸ್ವಲ್ಪ ಹಿಂದೆ ಅಂತ ಅವನ ಟೀಚರ್ ಹೇಳಿದ್ದಾರೆ, ಅದೊಂದು ಚಿಂತೆ. ಅಜ್ಜಿ ತಾತ ಜೊತೆಗಿಲ್ಲ, ಪಕ್ಕದ ಮನೆಯವರ ಪರಿಚಯ ಅಷ್ಟಕ್ಕಷ್ಟೇ. ಒಂದು ದಿನಕ್ಕೆ ಏನೇನು ಇಟ್ಟುಕೊಳ್ಳಬಹುದು ಹೇಳ್ತೀರಾ? ಮನೆಯಲ್ಲಿ ಪ್ರಿಂಟರ್ ಇಲ್ಲ.

ಲೆಕ್ಕದಮಾಮ:
ಅಬಾಕಸ್ ಕ್ಲಾಸಿಗೆ ಸೇರಿಸಿಬಿಡಿ. ನನ್ನ ಮಗಳು ಮೂರಂಕಿ ಗುಣಾಕಾರ ಬಾಯಲ್ಲೇ ಮಾಡ್ತಾಳೆ.

ಎರಡುಮಕ್ಕಳಮ್ಮ:
ಸೋಮವಾರದೊಳಗೆ ಎಲ್ಲಿಗೆ ಸೇರಿಸಲಿ ಅಣ್ಣಾ? 😀

ಸೀಮೆಸುಣ್ಣ:
ಅಕ್ಕ, ನಾನು ಪ್ರೈಮರಿ ಶಾಲೆಯಲ್ಲೇ ಕೆಲಸ ಮಾಡೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಶಾಲೆಯ ಟೈಮ್‌ಟೇಬಲ್ ಮನೆಗೆ ತರಬೇಡಿ. ಒಂದೊಂದು ಕೆಲಸ ಇಪ್ಪತ್ತು ನಿಮಿಷ ಸಾಕು, ಆಮೇಲೆ ಎದ್ದು ಓಡಾಡಲಿ.

ದಿನಪೂರ್ತಿ ನಡೆಯುವ ಒಂದು ಕೆಲಸ ಇರಲಿ. ನನಗೆ ಇಷ್ಟವಾದದ್ದು ನೆರಳು ಅಳೆಯೋದು. ಬಿಸಿಲು ಬೀಳುವ ಕಡೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಕುಂಡದ ಮಣ್ಣಲ್ಲಿ ಸಿಕ್ಕಿಸಿದರೂ ಆಯಿತು. ಗಂಟೆಗೊಂದು ಸಲ ನೆರಳಿನ ತುದಿಗೆ ಗುರುತು ಹಾಕಿ, ಉದ್ದ ಅಳೆದು ಬರೆದುಕೊಳ್ಳಲಿ. ಚಿಕ್ಕವಳು ಗುರುತು ಹಾಕಲಿ, ದೊಡ್ಡವನು ಸ್ಕೇಲ್ ಹಿಡಿದು ಅಳೆದು ಸಂಜೆ ಗ್ರಾಫ್ ಬಿಡಿಸಲಿ. ನೆರಳು ಸರಿಯಾಗಿ 12ಕ್ಕೇ ಅತಿ ಚಿಕ್ಕದಾಗುತ್ತೆ ಅಂತ ಇಬ್ಬರೂ ಹೇಳ್ತಾರೆ, ನೋಡಿ. ಬಹಳ ಕಡೆ ಹಾಗಾಗಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವ ದೇಶಗಳಲ್ಲಂತೂ ಹೆಚ್ಚಾಗಿ 1ರ ಆಸುಪಾಸು. ಯಾಕೆ ಅಂತ ಅವರೇ ತಲೆ ಕೆರೆದುಕೊಳ್ಳಲಿ, ತಕ್ಷಣ ಉತ್ತರ ಕೊಡಬೇಡಿ.

ಲೆಕ್ಕಕ್ಕೆ ಎರಡು ದಾಳ ಸಾಕು. ದೊಡ್ಡವನು 100 ಸಲ ಎಸೆದು ಪ್ರತಿ ಸಲದ ಮೊತ್ತ ಗುರುತು ಹಾಕಲಿ. ಸಾಮಾನ್ಯವಾಗಿ 7ರ ಆಸುಪಾಸೇ ಜಾಸ್ತಿ ಬರುತ್ತೆ, ಯಾಕಂದ್ರೆ ಒಟ್ಟು 36 ಜೋಡಿಗಳಲ್ಲಿ 7 ಕೊಡುವ ಜೋಡಿಗಳು 6 ಇವೆ, 2 ಮತ್ತು 12ಕ್ಕೆ ಒಂದೊಂದೇ. ಚಿಕ್ಕವಳಿಗೆ ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟೋದು ಕೊಡಿ. 34 ಅಂದರೆ ಮೂರು ಕಟ್ಟು, ನಾಲ್ಕು ಬಿಡಿ ಅಂತ ಕೈಗೇ ಗೊತ್ತಾಗಬೇಕು.

ಓದೋದಕ್ಕೆ, ದೊಡ್ಡವನಿಗೆ ಸುಲಭದ ಪುಸ್ತಕವನ್ನೇ ಕೊಡಿ. ಒಂದು ಪುಟದಲ್ಲಿ ಐದಕ್ಕಿಂತ ಜಾಸ್ತಿ ಪದ ತೊಡಕಾದರೆ ಅದು ಅವನಿಗೆ ಈಗ ಬೇಡ. ಒಂದೇ ಪುಟ ಮೂರು ನಾಲ್ಕು ಸಲ ಜೋರಾಗಿ ಓದಲಿ, ಆಮೇಲೆ ತಂಗಿಗೆ ಓದಿ ಹೇಳಲಿ. ತಂಗಿಗೆ ಕಥೆ ಬೇಕು, ಅವನಿಗೆ ಮರ್ಯಾದೆ ಬೇಕು. ಇಬ್ಬರದೂ ನಡೆಯುತ್ತೆ.

ದಕ್ಷಿಣಗೋಳ:
ನೆರಳಿನ ಐಡಿಯಾ ಚೆನ್ನಾಗಿದೆ. ಒಂದು ಸೇರಿಸ್ತೀನಿ. ಉತ್ತರದ ದೇಶಗಳಲ್ಲಿ ಇರೋರಿಗೆ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತೆ, ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತೆ. ನಮ್ಮ ಕಡೆ ಎಲ್ಲ ಉಲ್ಟಾ. ನಿಮ್ಮ ಮಕ್ಕಳೂ ನಮ್ಮ ಮಕ್ಕಳೂ ಅದೇ ದಿನ ಅಳೆದು ಫೋಟೋ ಬದಲಾಯಿಸಿಕೊಳ್ಳಬಹುದು, ಅಲ್ವಾ?

ಹಳೇಬೇರು:
ದಾಳ, ಕೋಲು, ಕಡ್ಡಿ ಎಲ್ಲ ಸರಿ. ಆದರೆ ಮುಖ್ಯವಾದ ಮಾತನ್ನು ಯಾರೂ ಎತ್ತಲಿಲ್ಲ. ಇದನ್ನೆಲ್ಲ ಯಾವ ಭಾಷೆಯಲ್ಲಿ ಮಾಡಿಸ್ತೀರಿ? ಶಾಲೆಯವರು ವರ್ಷಪೂರ್ತಿ ಇಂಗ್ಲಿಷ್ ಓದಿಸ್ತಾರೆ, ಸಿಕ್ಕ ಒಂದು ರಜೆಯಲ್ಲೂ ನಾವು ಅದನ್ನೇ ಓದಿಸೋದಾ? 49 ಅಕ್ಷರ ರೀ! ಕಾಗುಣಿತ, ಒತ್ತಕ್ಷರ ಕೂತು ಹೇಳಿಕೊಟ್ಟರೆ ಆಮೇಲೆ ನುಡಿದ ಹಾಗೇ ಓದಬಹುದು, ಇಂಗ್ಲಿಷಿನ ಹಾಗೆ ಪದಪದಕ್ಕೂ ಸ್ಪೆಲ್ಲಿಂಗ್ ಗಟ್ಟು ಹೊಡೆಯಬೇಕಿಲ್ಲ. ನಾನು ನನ್ನ ಮಕ್ಕಳಿಗೆ ಮನೆ ಬಾಗಿಲ ಒಳಗೆ ಬಂದರೆ ಕನ್ನಡ ಅಂತ ನಿಯಮ ಇಟ್ಟಿದ್ದೆ. ಇಂಗ್ಲಿಷಲ್ಲಿ ಕೇಳಿದರೆ ಉತ್ತರವೇ ಕೊಡ್ತಿರಲಿಲ್ಲ. ಇವತ್ತು ಇಬ್ಬರೂ ಕನ್ನಡ ಪೇಪರ್ ಓದ್ತಾರೆ. ಟೈಮ್‌ಟೇಬಲ್ ಬೇಡ, ಭಾಷೆ ಬೇಕು.

ಲೆಕ್ಕದಮಾಮ:
ನೂರಕ್ಕೆ ನೂರು ಸರಿ ಸರ್ 👏

ಕಾಫಿತೋಟ:
ಉತ್ತರ ಕೊಡದೆ ಕೂತರೆ ಮಗು ಕನ್ನಡ ಕಲಿಯೋಲ್ಲ, ನಿಮ್ಮ ಹತ್ತಿರ ಮಾತಾಡೋದನ್ನೇ ಬಿಡುತ್ತೆ. ಪಾಪ, ಓದೋದರಲ್ಲಿ ಹಿಂದೆ ಇರುವ ಹುಡುಗನಿಗೆ ಈಗ ಇನ್ನೊಂದು ಲಿಪಿಯ ಹೊರೆ ಯಾಕೆ?

ಹಳೇಬೇರು:
ಹೊರೆ ಅಂತ ನೀವು ಅಂದುಕೊಂಡಿದ್ದೀರಿ. ಎರಡು ಭಾಷೆ ಕಲಿತರೆ ಮಗುವಿಗೆ ಗೊಂದಲ ಅನ್ನೋದು ಹಳೇ ಕಾಲದ ತಪ್ಪು ನಂಬಿಕೆ.

ಕಾಫಿತೋಟ:
ಗೊಂದಲ ಅಂತ ನಾನೆಲ್ಲಿ ಹೇಳಿದೆ? ಓದಿ ನೋಡಿ. ಸೋಮವಾರದ ಮಾತು ಹೇಳಿದೆ.

ರಾತ್ರಿಪಾಳಿ:
ಹಳೇಬೇರು ಸರ್ ಮಾತು ನನಗೆ ನಾಟಿತು. ನಾವು ಹೊರದೇಶಕ್ಕೆ ಬಂದಾಗ ಇಬ್ಬರೂ ಎರಡೆರಡು ಕಡೆ ದುಡೀತಿದ್ವಿ, ಮಗ ಮೊದಲು ಶಾಲೆಯಲ್ಲಿ ಹೊಂದಿಕೊಳ್ಳಲಿ, ಕನ್ನಡ ಎಲ್ಲಿ ಹೋಗುತ್ತೆ, ಆಮೇಲೆ ಕಲಿಸಿದರಾಯಿತು ಅಂತ ಮುಂದಕ್ಕೆ ಹಾಕ್ತಾ ಬಂದು ಈಗ ಅವನು ಕಾಲೇಜಿಗೆ ಹೋಗ್ತಾನೆ, ನಮ್ಮಮ್ಮ ಫೋನ್ ಮಾಡಿದರೆ "ಚೆನ್ನಾಗಿದೀರಾ ಅಜ್ಜಿ" ಅಂತ ಹೇಳಿ ಫೋನ್ ನನ್ನ ಕೈಗೆ ಕೊಟ್ಟು ಹೊರಟುಹೋಗ್ತಾನೆ. ಅವನದೇನೂ ತಪ್ಪಿಲ್ಲ.

ಹಳೇಬೇರು:
ನೋಡಿ, ಇದನ್ನೇ ನಾನು ಹೇಳ್ತಿರೋದು. ಇನ್ನೇನು ಸಾಕ್ಷಿ ಬೇಕು?

ಅಡ್ಮಿನ್:
ಕನ್ನಡ ಕಲಿಕೆಗೆ ಬೇರೆ ಚರ್ಚೆ ಶುರು ಮಾಡೋಣ. ದಯವಿಟ್ಟು ಕೇಳಿದ ಪ್ರಶ್ನೆಗೆ ಬನ್ನಿ.

ಎರಡುಮಕ್ಕಳಮ್ಮ:
ಸರ್, ನಮ್ಮ ಮನೆಯಲ್ಲಿ ಮಾತಾಡೋದು ಕನ್ನಡವೇ. ಸದ್ಯ ನನ್ನ ತಲೆಯಲ್ಲಿರೋದು ಆ ಒಂದೂವರೆ ಗಂಟೆ. ಸೀಮೆಸುಣ್ಣ ಅವರು ಹೇಳಿದ್ದರಲ್ಲಿ ಬಹಳಷ್ಟಕ್ಕೆ ನಾನು ಪಕ್ಕದಲ್ಲಿ ಇರಬೇಕು.

ಮಗ್ಗಿಪುಸ್ತಕ:
ನಾನೂ ಮನೆಯಿಂದಲೇ ಕೆಲಸ ಮಾಡೋಳು. 11ಕ್ಕೆ ಮುಂಚೆ ಹೊರಗೆ ಕರೆದುಕೊಂಡು ಹೋಗಿ ಚೆನ್ನಾಗಿ ಓಡಿಸಿ. ಅವರಾಗೇ ಮಾಡುವಂಥದ್ದನ್ನು ಮಾತ್ರ ಮೀಟಿಂಗ್ ಹೊತ್ತಿಗೆ ಎತ್ತಿಡಿ. ಕಾಗದದ ಸೇತುವೆ ನಮ್ಮಲ್ಲಿ ಸೋತಿದ್ದೇ ಇಲ್ಲ. ಎರಡು ಪುಸ್ತಕದ ರಾಶಿ, ನಡುವೆ ಒಂದು ಹಾಳೆ, ಮೇಲೆ ನಾಣ್ಯ ಇಡಬೇಕು. ಹಾಳೆ ಹಾಗೇ ಇಟ್ಟರೆ ಬಗ್ಗಿ ಬೀಳುತ್ತೆ, ಬೀಸಣಿಗೆ ಥರ ಮಡಿಕೆ ಮಾಡಿದರೆ ಎಷ್ಟೋ ಜಾಸ್ತಿ ನಾಣ್ಯ ಹೊರುತ್ತೆ. ಅದನ್ನು ಮೊದಲೇ ಹೇಳಿಬಿಡಬೇಡಿ. ಇಬ್ಬರಿಗೂ ಬೇರೆ ಬೇರೆ ಸೇತುವೆ ಕೊಡಿ, ಇಲ್ಲದಿದ್ದರೆ ಜಗಳ ಬಿಡಿಸೋಕೆ ನೀವೇ ಏಳಬೇಕಾಗುತ್ತೆ. ಕೊನೆಯ ಅರ್ಧ ಗಂಟೆ ಕಥೆ ಕೇಳಿಸಿ, ಅಥವಾ ಟ್ಯಾಬ್ಲೆಟ್ಟನ್ನೇ ಕೊಡಿ. ಅರ್ಧ ಗಂಟೆಗೆ ಯಾರೂ ಹಾಳಾಗಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ 2015ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಓದುವ ಮಟ್ಟ ನೋಡಿಕೊಂಡು ಕಥೆ ಆರಿಸಬಹುದು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತೆ. ಹಳೇಬೇರು ಸರ್‌ಗೂ ಸಮಾಧಾನ.

ಹಳೇಬೇರು:
ಸಮಾಧಾನದ ಪ್ರಶ್ನೆ ಅಲ್ಲಮ್ಮ ಇದು. ಬೇರೆ ಚರ್ಚೆ ಶುರು ಮಾಡಿದ್ದೀನಿ, ಎಲ್ಲರೂ ಅಲ್ಲಿ ಬನ್ನಿ.

ಎರಡುಮಕ್ಕಳಮ್ಮ:
ತುಂಬಾ ಥ್ಯಾಂಕ್ಸ್ ಅಕ್ಕ, ಸೇತುವೆ ಖಂಡಿತ ಮಾಡಿಸ್ತೀನಿ. ಸೀಮೆಸುಣ್ಣ ಅವರೇ, ಸೋಮವಾರ ಮೋಡ ಅಂತ ತೋರಿಸ್ತಿದೆಯಲ್ಲ, ನೆರಳಿಗೆ ಏನು ಮಾಡಲಿ?

ಸೀಮೆಸುಣ್ಣ:
ಪರದೆ ಎಳೆದು ಟಾರ್ಚ್ ಹಿಡೀರಿ. ಟಾರ್ಚ್ ಮೇಲೆ ಹೋದಷ್ಟೂ ನೆರಳು ಚಿಕ್ಕದು, ಕೆಳಗಿಳಿದಷ್ಟೂ ಉದ್ದ. ಆದರೆ ಅದು ಹತ್ತು ನಿಮಿಷದ ಆಟ, ದಿನಪೂರ್ತಿ ನಡೆಯಲ್ಲ. ಅದರ ಬದಲು ಮಳೆ ಬಂದರೆ ನೇರ ಗೋಡೆಯ ಡಬ್ಬಿ ಹೊರಗಿಟ್ಟು ಗಂಟೆಗೊಮ್ಮೆ ಎಷ್ಟು ಮಿಲಿಮೀಟರ್ ತುಂಬಿತು ಅಂತ ಅಳೆಯಲಿ.