ಮನಿ ಗುಂಪಿನ್ಯಾಗ ಅಜ್ಜಾರ ಸೇನಾ ಮೆಡಲ್ ಜಗಳ

ಗುಂಪು: ನಮ್ಮ ಮನಿ (ಪುಣೆ, ವಾಶಿ, ಬೆಳಗಾವಿ)

ವಾಶಿ ಅತ್ತಿ: (ಫಾರ್ವರ್ಡ್) "ನಿವೃತ್ತ ಸೈನಿಕರ ಗಮನಕ್ಕೆ! ಸೇವಾ ದಾಖಲೆಯಲ್ಲಿ ಪದಕ ಬಿಟ್ಟುಹೋಗಿದ್ದರೆ ಡಿಡಿ 149 ಫಾರ್ಮ್ ತುಂಬಿ ಕಳಿಸಿ. ಎಲ್ಲರಿಗೂ ಹಂಚಿ 🙏🙏"

ವಾಶಿ ಅತ್ತಿ: (ಫೋಟೊ) ಅಪ್ಪಾರ ಡಿಸ್ಚಾರ್ಜ್ ಬುಕ್. ಪದಕದ ಪುಟ ನೋಡ್ರಿ. ರಕ್ಷಾ ಮೆಡಲ್, ಸಂಗ್ರಾಮ್ ಮೆಡಲ್ ಅಷ್ಟೇ ಬರದಾರ. ಸೇನಾ ಮೆಡಲ್ಲೂ ಇಲ್ಲ, 1971ರ ಯುದ್ಧದ ಪಶ್ಚಿಮಿ ಸ್ಟಾರೂ ಇಲ್ಲ. ಪೆಟ್ಟಿಗ್ಯಾಗ ಎರಡೂ ಅದಾವ. ಈ ಫಾರ್ಮ್ ಯಾರು ತುಂಬ್ತೀರಿ?

ಖಡ್ಕಿ ಕಾಕಾ: ಅಕ್ಕಾ, ಆ ಫಾರ್ಮು ಅಮೆರಿಕದ್ದು. ಅವರ ಡಿಸ್ಚಾರ್ಜ್ ಪತ್ರಕ್ಕ ಡಿಡಿ 214 ಅಂತಾರ, ಅದರ ತಿದ್ದುಪಡಿಗೆ ಡಿಡಿ 215. 149 ಹೋಗೋದು ಅಲ್ಲಿನ ದಾಖಲೆ ತಿದ್ದೋ ಮಂಡಳಿಗೆ. ನಮಗ ಅದರ ಸಂಬಂಧನೇ ಇಲ್ಲ. ಮತ್ತ ಯಾರಿಗೂ ಕಳಸಬ್ಯಾಡ್ರಿ.

ವಾಶಿ ಅತ್ತಿ: ಹಂಗಾದ್ರ ನಮ್ಮ ಫಾರ್ಮ್ ಯಾವುದು?

ಖಡ್ಕಿ ಕಾಕಾ: ಫಾರ್ಮಿಗಿಂತ ಮದಲ ಹೆಸರು ಎಲ್ಲಿ ಬಿಟ್ಟೈತಿ ಅನ್ನೋದು ಹುಡುಕಬೇಕು. ಸೇನಾ ಮೆಡಲ್ ಭಾರತದ ಗೆಜೆಟಿನ್ಯಾಗ ಬರ್ತೈತಿ. ಅದರ ಮ್ಯಾಲ ಯುನಿಟ್ ಪಾರ್ಟ್ ಟೂ ಆರ್ಡರ್, ಅಂದ್ರ ಸೈನಿಕನ ದಾಖಲೆಯಾಗ ಬರಿಯೋ ಸಲುವಾಗಿ ಆದೇಶ, ಹೊರಡಸ್ತೈತಿ. ಆ ಆರ್ಡರ್ ನೋಡಿ ರೆಕಾರ್ಡ್ ಆಫೀಸಿನವರು ಶೀಟ್ ರೋಲಿನ್ಯಾಗ, ಅಂದ್ರ ಮೂಲ ಸೇವಾ ದಾಖಲೆಯಾಗ, ಏರಸ್ತಾರ. ಡಿಸ್ಚಾರ್ಜ್ ಬುಕ್ಕು, ಪಿಪಿಒ (ಪಿಂಚಣಿ ಆದೇಶ) ಎಲ್ಲಾ ಕಡೀಗೆ, ಶೀಟ್ ರೋಲ್ ನೋಡ್ಕೊಂಡು ಬರದದ್ದು. ಯುದ್ಧ ಒಂದು ಯುನಿಟಿನ್ಯಾಗ ಮಾಡಿ, ಗೆಜೆಟ್ ಬರೋದ್ರಾಗ ಇನ್ನೊಂದಕ್ಕ ಪೋಸ್ಟಿಂಗ್ ಆಗಿದ್ರ, ಇಲ್ಲಾ ಆಗಲೇ ಮನಿಗೆ ಬಂದಿದ್ರ, ಪಾರ್ಟ್ ಟೂ ಹೊರಡೋದು ಬಿಟ್ಟುಹೋಗ್ತೈತಿ. ಈ ಯುನಿಟ್ ಆ ಯುನಿಟ್ ಮಾಡಿರಬೇಕು ಅಂತೈತಿ, ಆ ಯುನಿಟ್ ಇವರ ಮ್ಯಾಲ ಹಾಕ್ತೈತಿ.

ಮೈಸೂರು ವೈನಿ: ಕಾಕಾ, ಅಜ್ಜಿ ಪೆನ್ಷನ್ ಆ ಆನ್‌ಲೈನ್ ಪೆನ್ಷನ್ ವ್ಯವಸ್ಥೆ ಸ್ಪರ್ಶ್‌ನಲ್ಲೇ ಬರ್ತಿರೋದು. ಅಲ್ಲೇ ದೂರು ಹಾಕಿದ್ರೆ ಪ್ರಯಾಗರಾಜ್‌ನವರು ಸರಿ ಮಾಡಲ್ವಾ?

ಖಡ್ಕಿ ಕಾಕಾ: ಇಲ್ಲವ್ವಾ. ಪ್ರಯಾಗರಾಜ್‌ದ ಪಿಸಿಡಿಎ, ಅಂದ್ರ ಪಿಂಚಣಿ ಲೆಕ್ಕದ ಕಚೇರಿ, ರೆಕಾರ್ಡ್ ಆಫೀಸ್ ಹೇಳಿದ್ದನ್ನಷ್ಟೇ ಮಾಡ್ತೈತಿ. ರೆಕಾರ್ಡ್ಸಿನಿಂದ ಕಾಗದ ಹೋದ ಮ್ಯಾಲ ಅವರು ಕಾರಿಜೆಂಡಮ್ ಪಿಪಿಒ, ಅಂದ್ರ ತಿದ್ದುಪಡಿ ಆದೇಶ, ಕೊಡ್ತಾರ. ಮದಲೇ ಅಲ್ಲಿ ದೂರು ಹಾಕಿದ್ರ "ರೆಕಾರ್ಡ್ ಆಫೀಸನ್ನು ಸಂಪರ್ಕಿಸಿ" ಅಂತ ಮುಚ್ಚಿಬಿಡ್ತಾರ.

ಮಾಮಾ (ವಕೀಲ): ಸದರ್ನ್ ಕಮಾಂಡ್ ಪುಣೆದಾಗೇ ಐತಿ. ಅಲ್ಲಿ ಕೊಟ್ರ ಮ್ಯಾಲಿಂದ ಒತ್ತಡ ಬೀಳ್ತೈತಿ.

ಖಡ್ಕಿ ಕಾಕಾ: ಭಾವಾ, ಅಲ್ಲಿ ಕೊಟ್ಟದ್ದು ತಿರುಗಿ ಖಡ್ಕಿಗೇ ಬರ್ತೈತಿ, ನಡುವ ವಾರಗಟ್ಲೆ ಹೋಗ್ತಾವ. ಅಪ್ಪಾ ಬಾಂಬೇ ಸ್ಯಾಪರ್ಸ್, ಅಂದ್ರ ಸೇನೆಯ ಇಂಜಿನಿಯರ್ ಪಡೆಯವರು, ಅವರ ಕಡತ ಆ ಪಡೆಯ ರೆಕಾರ್ಡ್ ಆಫೀಸು ಬಿಇಜಿ ರೆಕಾರ್ಡ್ಸ್ ಖಡ್ಕಿಯಾಗ. ಮರಾಠಾ ಲೈಟ್ ಇನ್ಫಂಟ್ರಿ ಆಗಿದ್ರ ಬೆಳಗಾವಿ, ತೋಪಖಾನೆ ಆಗಿದ್ರ ನಾಶಿಕ್ ರೋಡ್. ಜಿಲ್ಲಾ ಸೈನಿಕ ಕಚೇರಿ ಮುಂದಕ ಕಳಸೋ ಅಂಚೆ ಅಷ್ಟೇ, ತಿದ್ದೋ ಅಧಿಕಾರ ಅವರಿಗಿಲ್ಲ. ಆದ್ರ ಅವರ ಹೊದಿಕೆ ಪತ್ರ ಹಚ್ಚಿದ್ರ ಕೆಟ್ಟದ್ದೇನಿಲ್ಲ.

ಮಾಮಾ (ವಕೀಲ): ಪತ್ರ ಬರ್ಕೋತ ಕೂಡ್ರೋದಕಿಂತ ಮುಂಬಯಿ ಪೀಠಕ್ಕ ಹೋಗೋಣ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇರೋದೇ ಇದಕ್ಕ.

ಖಡ್ಕಿ ಕಾಕಾ: ಆ ನ್ಯಾಯಮಂಡಳಿಯ 2007ರ ಕಾಯ್ದೆ, 21ನೇ ಕಲಮು. ನಿಮಗ ನಾ ಹೇಳಬೇಕಾ? ಇಲಾಖೆ ಒಳಗಿನ ದಾರಿ ಮುಗಸದ ಹೋದ್ರ ಸಾಮಾನ್ಯವಾಗಿ ಅರ್ಜಿ ತಗೊಳ್ಳಂಗಿಲ್ಲ. ಮನವಿ ಕೊಟ್ಟು ಆರು ತಿಂಗಳು ಉತ್ತರ ಬರದಿದ್ರ ಆಗ ಹೋಗ್ರಿ.

ಮಾಮಾ (ವಕೀಲ): ಕಲಮು ಗೊತ್ತೈತಿ. ನನ್ನ ಚಿಂತಿ ಪದಕದ ಭತ್ಯೆಯ ಬಾಕಿ ಹಣದ್ದು. 2008ರ ತರ್ಸೇಮ್ ಸಿಂಗ್ ತೀರ್ಪಿನ್ಯಾಗ ಸುಪ್ರೀಂ ಕೋರ್ಟು ಬಾಕಿಯನ್ನ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕ ನಿಲ್ಲಿಸೈತಿ. ಶೌರ್ಯಕ್ಕ ಕೊಟ್ಟ ಸೇನಾ ಮೆಡಲ್ಲಿಗೆ 2017ರ ಆಗಸ್ಟ್ 1ರಿಂದ ತಿಂಗಳಿಗೆ 2,000 ರೂಪಾಯಿ ಭತ್ಯೆ. ಮೂರು ವರ್ಷಕ್ಕ 72,000. ನಾವು ತಡಾ ಮಾಡಿದಷ್ಟೂ ಹಿಂದಿಂದು ಕರಗ್ತೈತಿ.

ವಾಶಿ ಅತ್ತಿ: ಅಪ್ಪಾ ಹೋದ ಮ್ಯಾಲೂ ಬರ್ತೈತೇನು?

ಮಾಮಾ (ವಕೀಲ): ಹೆಂಡತಿಗೆ ಬರ್ತೈತಿ. ಮಕ್ಕಳಿಗಲ್ಲ 🙂

ಖಡ್ಕಿ ಕಾಕಾ: ಅಲ್ಲೊಂದು ಮುಳ್ಳು ಐತಿ. ಸೇನಾ ಮೆಡಲ್ ಶೌರ್ಯಕ್ಕೂ ಕೊಡ್ತಾರ, ಕರ್ತವ್ಯನಿಷ್ಠೆಗೂ ಕೊಡ್ತಾರ. ಹಣ ಶೌರ್ಯದ್ದಕ್ಕಷ್ಟೇ. ಈಗಿನ ಪಟ್ಟಿಗಳಾಗ ಬ್ಯಾರೆ ಬ್ಯಾರೆ ತೋರಸ್ತಾರ, ಹಳೇವರದು ಸೈಟೇಶನ್, ಅಂದ್ರ ಪದಕ ಯಾಕ ಕೊಟ್ರು ಅನ್ನೋ ಬರಹ, ಓದೇ ತೀರ್ಮಾನ ಆಗಬೇಕು. ಸೈಟೇಶನ್ ಇಲ್ಲದ ಅರ್ಜಿ ಕೊಟ್ರ ಪದಕ ಏರಸ್ತಾರ, ಭತ್ಯೆ ಕೊಡಂಗಿಲ್ಲ.

ನಾನು: ಅದಕ್ಕ ಮಾಹಿತಿ ಹಕ್ಕು ಹಾಕಿದ್ರ ಹೆಂಗ ಕಾಕಾ? ಹತ್ತು ರೂಪಾಯಿ, ಆನ್‌ಲೈನ್ ಆಗ್ತೈತಿ, 30 ದಿನದಾಗ ಉತ್ತರ ಕೊಡಬೇಕು.

ಖಡ್ಕಿ ಕಾಕಾ: ಹಾಕು. ಆದ್ರ ಅಜ್ಜಿ ಹೆಸರಿಲೇ ಹಾಕು, ಪಿಪಿಒ ಪ್ರತಿ ಹಚ್ಚು. ನಿನ್ನ ಹೆಸರಿಲೇ ಹಾಕಿದ್ರ ಖಾಸಗಿ ಮಾಹಿತಿ ಅಂತ ತಳ್ಳಿಬಿಡ್ತಾರ. "ಪದಕ ಯಾಕ ಏರಿಸಿಲ್ಲ" ಅಂತ ಕೇಳಬ್ಯಾಡ, ಅದು ಮಾಹಿತಿ ಅಲ್ಲ. ಶೀಟ್ ರೋಲಿನ ಪದಕದ ಪುಟದ ದೃಢೀಕೃತ ಪ್ರತಿ, ಸೇನಾ ಮೆಡಲ್ ಬಗ್ಗೆ ಹೊರಟ ಪಾರ್ಟ್ ಟೂ ಆರ್ಡರ್ ಸಂಖ್ಯೆ ಮತ್ತ ತಾರೀಖು, ಸೈಟೇಶನ್ ಪ್ರತಿ. ಈ ಮೂರೇ. ಪಾರ್ಟ್ ಟೂ ಲಭ್ಯ ಇಲ್ಲ ಅಂತ ಬರದು ಕೊಟ್ರ ಅದೇ ನಮಗ ಬೇಕಾದ ಸಾಕ್ಷಿ.

ಮೈಸೂರು ವೈನಿ: ಹಳೆಯ ಕಡತ 25 ವರ್ಷಕ್ಕೆ ಸುಟ್ಟು ಹಾಕ್ತಾರಂತಲ್ಲ?

ಖಡ್ಕಿ ಕಾಕಾ: ಆ ನಿಯಮ ಪಿಂಚಣಿ ಇಲ್ಲದ ಹೊರಗ ಬಂದವರದು. ಅಪ್ಪಾರದು ಪಿಂಚಣಿ ಕೇಸು. ಆ ಮಾತು ಹೇಳಿ ಕಿಡಕಿಯಿಂದನೇ ಕಳಸಾಕ ನೋಡಿದ್ರ ಪಿಪಿಒ ಸಂಖ್ಯೆ ತೋರ್ಸ್ರಿ.

ವಾಶಿ ಅತ್ತಿ: ಪದಕನೇ ಕೈಯಾಗ ಐತಲ್ಲೋ, ಅದಕಿಂತ ಪುರಾವೆ ಏನು ಬೇಕು?

ಖಡ್ಕಿ ಕಾಕಾ: ಪದಕ ಪ್ಯಾಟಿಯಾಗೂ ಸಿಗ್ತೈತಿ ಅಕ್ಕಾ, ಅದಕ್ಕ ಒಬ್ಬಂಟಿ ಪದಕ ನಂಬಂಗಿಲ್ಲ. ಆದ್ರ ಅದರ ಅಂಚಿನ ಮ್ಯಾಲ ನಂಬರು, ಹುದ್ದೆ, ಹೆಸರು ಕೆತ್ತಿರ್ತಾರ. ಕಿಡಕಿ ಬಲ್ಲಿ ಇಟ್ಟು, ಬೆಳಕು ಓರೆ ಬೀಳೋಹಂಗ ಅಂಚಿನ ಫೋಟೊ ತಗೀರಿ. ಪಾಲಿಶ್ ಹಾಕಿ ತಿಕ್ಕಬ್ಯಾಡ್ರಿ, ಅಕ್ಷರ ಅಳಸ್ತಾವ. ರಿಬ್ಬನ್ ಹಂಗೇ ಇರ್ಲಿ.

ನಾನು: ಗೆಜೆಟ್ ಪ್ರತಿ ಸಿಕ್ಕೈತಿ ಕಾಕಾ. ಆದ್ರ ಅದರಾಗ ಅಡ್ಡಹೆಸರೇ ಇಲ್ಲ, ಬುಕ್ಕಿನ್ಯಾಗ ಐತಿ.

ಖಡ್ಕಿ ಕಾಕಾ: ನಂಬರ್ ಕೂಡಿದ್ರ ಆತು. ಆರ್ಮಿ ನಂಬರಿನ ಕಡೀ ಅಕ್ಷರ ಸುದ್ಧಾ ನೋಡು, ಅದನ್ನ ಬಿಟ್ಟು ಬರದ್ರ ಹುಡುಕೋರಿಗೆ ಸಿಗಂಗಿಲ್ಲ. "ಇಬ್ಬರೂ ಒಬ್ಬರೇ" ಅಂತ ಅಜ್ಜಿ ಹೆಸರಿನ ಒಂದು ಅಫಿಡವಿಟ್ ಜೋಡಿಸು. ಗೆಜೆಟಿನ ಭಾಗ, ಅಧಿಸೂಚನೆ ಸಂಖ್ಯೆ, ತಾರೀಖು ಪತ್ರದ ಮದಲ ಸಾಲಿನ್ಯಾಗೇ ಬರಿ. ಕ್ಲಾರ್ಕ್ ಓದೋದು ಅಷ್ಟೇ.

ವಾಶಿ ಅತ್ತಿ: ಅದೇ ಪತ್ರದಾಗ ಪಶ್ಚಿಮಿ ಸ್ಟಾರೂ ಹಾಕಿಬಿಡು.

ಖಡ್ಕಿ ಕಾಕಾ: ಅದೊಂದು ಬ್ಯಾಡ.

ವಾಶಿ ಅತ್ತಿ: ಯಾಕ? ಅದೂ ಅಪ್ಪಾರದೇ.

ಖಡ್ಕಿ ಕಾಕಾ: ಸ್ಟಾರ್ ಗೆಜೆಟಿನ್ಯಾಗ ಹೆಸರು ಹಿಡದು ಬರಂಗಿಲ್ಲ. 1971ರ ಡಿಸೆಂಬರಿನ್ಯಾಗ ಅವರ ಯುನಿಟ್ ಪಶ್ಚಿಮ ರಣರಂಗದಾಗ ಎಲ್ಲಿತ್ತು, ಇವರು ಅದರ ಜೋಡಿ ಇದ್ರೋ ಇಲ್ಲೋ, ಅದನ್ನೆಲ್ಲಾ ತಗೀಬೇಕು. ಎರಡೂ ಒಂದೇ ಪತ್ರದಾಗ ಇದ್ರ ಸ್ಟಾರಿನ ತನಿಖಿ ಮುಗಿಯೋತನಕ ಸೇನಾ ಮೆಡಲ್ಲೂ ಕೂಡ್ರತೈತಿ. ಸ್ಟಾರಿಗೆ ಭತ್ಯೆ ಇಲ್ಲ, ಅವಸರನೂ ಇಲ್ಲ.

ವಾಶಿ ಅತ್ತಿ: ರೊಕ್ಕದ ಮಾತಲ್ಲೋ ಇದು. ಬುಕ್ಕಿನ್ಯಾಗ ಪೂರಾ ಇರಬೇಕು.

ಖಡ್ಕಿ ಕಾಕಾ: ಬಿಡ್ರಿ ಅಂತ ನಾ ಅಂದಿಲ್ಲ. ಬ್ಯಾರೆ ಲಕೋಟಿ ಅಂದೆ.

ಮಾಮಾ (ವಕೀಲ): ಮಾಹಿತಿ ಹಕ್ಕಿನ ಉತ್ತರಕ್ಕ ಕಾಯ್ಕೋತ ಮನವಿ ನಿಲ್ಲಿಸಬ್ಯಾಡ್ರಿ. ಗೆಜೆಟ್, ಬುಕ್ಕು, ಪಿಪಿಒ, ಅಂಚಿನ ಫೋಟೊ ಹಚ್ಚಿ ಈ ವಾರನೇ ಕಳಸ್ರಿ. ಸೈಟೇಶನ್ ಬಂದ ಮ್ಯಾಲ ಪೂರಕವಾಗಿ ಕೊಡೋಣ. ಆರು ತಿಂಗಳ ಲೆಕ್ಕ ಮನವಿ ತಾರೀಖಿನಿಂದ ಶುರು.

ಖಡ್ಕಿ ಕಾಕಾ: ಇದೊಂದಕ್ಕ ನಾ ಒಪ್ಪಿದೆ ಭಾವಾ. ಕೇಳೋದು ಮಾತ್ರ ಕ್ರಮದಾಗ ಇರ್ಲಿ: ಮದಲ ಪಾರ್ಟ್ ಟೂ ಆರ್ಡರ್ ಹೊರಡಸ್ರಿ, ಶೀಟ್ ರೋಲಿನ್ಯಾಗ ಏರಸ್ರಿ, ಆಮ್ಯಾಲ ಕಾರಿಜೆಂಡಮ್ ಪಿಪಿಒಗೆ ಬರೀರಿ. ಮೂಲ ಡಿಸ್ಚಾರ್ಜ್ ಬುಕ್ ಅಂಚೆಯಾಗ ಹಾಕಬ್ಯಾಡ್ರಿ. ಅವರು ಕೇಳಿದ್ರ ನಾನೇ ಒಯ್ದು ಕೊಟ್ಟು ರಸೀದಿ ತಗೋತೀನಿ.

ಮೈಸೂರು ವೈನಿ: ಅಜ್ಜಿ ಸಹಿ ಮಾಡ್ತಾರೆ, ಆದ್ರೆ ಪಿಪಿಒನಲ್ಲಿ ಹೆಬ್ಬೆಟ್ಟು ಇದೆ ಕಾಕಾ.

ಖಡ್ಕಿ ಕಾಕಾ: ಹಂಗಾದ್ರ ಹೆಬ್ಬೆಟ್ಟೇ ಒತ್ತಸ್ರಿ, ಗೆಜೆಟೆಡ್ ಅಧಿಕಾರಿ ಕಡೆಯಿಂದ ದೃಢೀಕರಣ ಮಾಡಸ್ರಿ. ಸಹಿ ಹಾಕಿದ್ರ ಅದಕ್ಕೊಂದು ಆಕ್ಷೇಪ ತಗೀತಾರ. ಸ್ಪೀಡ್ ಪೋಸ್ಟ್ ರಸೀದಿ ಫೋಟೊ ಇಲ್ಲಿ ಹಾಕ್ರಿ.

ವಾಶಿ ಅತ್ತಿ: ಎರಡು ರಸೀದಿ. ಸ್ಟಾರಿಂದೂ.